ಹಳೆಯ ಹಾಟ್ ರಾಡ್ ಕಾರಿನ ಮುಂಭಾಗದ ಆಕ್ಸಲ್: ಬಿಡಿಭಾಗಗಳನ್ನು ಗುರುತಿಸುವ ಕ್ರಮ

ಹಳೆಯ ಯಂತ್ರಭಾಗಗಳ ವ್ಯಾಪಾರದಲ್ಲಿ ಸರಕಿಗೆ ಎರಡು ಹೆಸರುಗಳಿರುತ್ತವೆ. ಮಾರುವವನು ಹೇಳುವ ಹೆಸರು ಒಂದು. ಅಳತೆಗೋಲು ಹೇಳುವ ಹೆಸರು ಮತ್ತೊಂದು. ಇವೆರಡೂ ಒಂದೇ ಆಗಿದ್ದಲ್ಲಿ ವ್ಯವಹಾರ ಸುಗಮವಾಗಿ ನಡೆಯುತ್ತದೆ. ಬೇರೆಯಾಗಿದ್ದಲ್ಲಿ ಕೊಂಡವನಿಗೆ ಹಣ ನಷ್ಟ, ಮಾರಿದವನಿಗೆ ಹೆಸರು ನಷ್ಟ. ಆ ಭಾಗವು ವಾಹನದ ಮುಂಭಾಗದ ಆಕ್ಸಲ್ ಆಗಿದ್ದಲ್ಲಿ ನಷ್ಟವು ಅಷ್ಟಕ್ಕೇ ನಿಲ್ಲುವುದಿಲ್ಲ. ಚಾಲನೆಯಲ್ಲಿರುವ ಕಾರಿನ ಮುಂದಿನ ಚಕ್ರ ಕಳಚಿದರೆ ಚಾಲಕನ ಪ್ರಾಣಕ್ಕೇ ಸಂಚಕಾರ. ಅಮೆರಿಕದ ಹಾಟ್ ರಾಡ್ ಕಾರುಗಳ ಮುಂಭಾಗದ ಆಕ್ಸಲ್ ಇದಕ್ಕೆ ಉತ್ತಮ ನಿದರ್ಶನವಾಗಿದೆ. ಅದರ ಭಾಗಗಳನ್ನು ಗುರುತಿಸುವ ಕ್ರಮವನ್ನು ಅರಿತರೆ, ಬೇರೆ ಯಾವುದೇ ಹಳೆಯ ಯಂತ್ರಭಾಗವನ್ನು ಪರೀಕ್ಷಿಸುವ ವಿಧಾನವೂ ತಿಳಿಯುತ್ತದೆ.

ಹಿನ್ನೆಲೆ

ಹಳೆಯ ಕಾರೊಂದನ್ನು ಕಡಿಮೆ ಬೆಲೆಗೆ ಕೊಂಡು, ಅನವಶ್ಯಕ ಭಾಗಗಳನ್ನು ಕಳಚಿ, ಎಂಜಿನ್ನಿನ ಶಕ್ತಿ ಹೆಚ್ಚಿಸಿ, ಮುಂಭಾಗವನ್ನು ತಗ್ಗಿಸಿ ವೇಗಕ್ಕೆ ಸಿದ್ಧಗೊಳಿಸಿದ ವಾಹನವೇ ಹಾಟ್ ರಾಡ್. ಈ ಹವ್ಯಾಸವು 1930ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಬೇರೂರಿತು. ಮ್ಯೂರಾಕ್, ಎಲ್ ಮಿರಾಜ್ ಮುಂತಾದ ಒಣಗಿದ ಕೆರೆಗಳ ಸಮತಟ್ಟಾದ ನೆಲದಲ್ಲಿ ಯುವಕರು ತಮ್ಮ ಕಾರುಗಳ ವೇಗವನ್ನು ಪರೀಕ್ಷಿಸುತ್ತಿದ್ದರು. 1937ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಸ್ಥಾಪನೆಯಾಯಿತು. ರಾಬರ್ಟ್ ಪೀಟರ್ಸನ್ ಅವರ ‘ಹಾಟ್ ರಾಡ್’ ಮಾಸಪತ್ರಿಕೆ 1948ರ ಜನವರಿಯಲ್ಲಿ ಆರಂಭವಾಯಿತು. ಈ ಕಾರುಗಳಿಗೆ ಬಿಡಿಭಾಗ ತಯಾರಿಸುತ್ತಿದ್ದ ಸಣ್ಣ ಉದ್ದಿಮೆದಾರರು 1963ರಲ್ಲಿ ಸೀಮಾ ಎಂಬ ಸಂಘವನ್ನು ಕಟ್ಟಿಕೊಂಡರು. ಹಿತ್ತಲಿನ ಷೆಡ್ಡುಗಳಲ್ಲಿ ಆರಂಭವಾದ ಕಸುಬು ಕಾಲಕ್ರಮದಲ್ಲಿ ಒಂದು ಉದ್ದಿಮೆಯಾಗಿ ಬೆಳೆದ ಬಗೆ ಇದು.

ಈ ಕಾರುಗಳ ಮೂಲದ್ರವ್ಯ ಬಹುಪಾಲು ಫೋರ್ಡ್ ವಾಹನಗಳೇ ಆಗಿದ್ದವು. 1908ರಿಂದ 1927ರವರೆಗೆ ತಯಾರಾದ ಮಾಡೆಲ್ ಟಿ, 1928ರಿಂದ 1931ರವರೆಗಿನ ಮಾಡೆಲ್ ಎ, ಮತ್ತು 1932ರಲ್ಲಿ ಬಂದ ವಿ-8 ಎಂಜಿನ್ನಿನ ಕಾರು ಇವುಗಳಲ್ಲಿ ಮುಖ್ಯವಾದವು. ಫೋರ್ಡ್ ಕಂಪನಿಯು 1948ರವರೆಗೆ ತನ್ನ ಕಾರುಗಳ ಮುಂಭಾಗದಲ್ಲಿ ಒಂದೇ ಮೂಲ ವಿನ್ಯಾಸವನ್ನು ಉಳಿಸಿಕೊಂಡಿತು. 1949ರ ಮಾದರಿಯಿಂದ ಕಾಯಿಲ್ ಸ್ಪ್ರಿಂಗ್ ಸಹಿತವಾದ ಸ್ವತಂತ್ರ ತೂಗು ವ್ಯವಸ್ಥೆ ಬಂದಿತು. ಎರಡು ದಶಕಗಳ ಭಾಗಗಳು ಒಂದನ್ನೊಂದು ಹೋಲುತ್ತಿದ್ದುದರಿಂದ, ಒಂದು ವರ್ಷದ ಕಾರಿನ ಭಾಗವನ್ನು ಮತ್ತೊಂದಕ್ಕೆ ಜೋಡಿಸುವುದು ಸುಲಭವಾಯಿತು. ಗುರುತಿಸುವ ಕೆಲಸ ಕಠಿಣವಾಗಲು ಕಾರಣವೂ ಇದೇ.

ಜೋಡಣೆಯ ಸ್ವರೂಪ

ಲಾರಿಗಳ ಮುಂಭಾಗವನ್ನು ಕಂಡವರಿಗೆ ಈ ರಚನೆ ಅಪರಿಚಿತವಲ್ಲ. ಎರಡು ಚಕ್ರಗಳ ನಡುವೆ ಇಂಗ್ಲಿಷಿನ ‘ಐ’ ಅಕ್ಷರದ ಆಕಾರದ ಅಡ್ಡಕೊಯ್ತವುಳ್ಳ ಒಂದು ಉಕ್ಕಿನ ತೊಲೆ ಇರುತ್ತದೆ. ಅದೇ ಆಕ್ಸಲ್. ಅದರ ಎರಡು ತುದಿಗಳಲ್ಲಿ ಕಿಂಗ್ ಪಿನ್ನುಗಳಿದ್ದು, ಅವುಗಳನ್ನು ಆಧರಿಸಿ ಸ್ಟಬ್ ಆಕ್ಸಲ್‌ಗಳು ತಿರುಗುತ್ತವೆ. ಸ್ಟಬ್ ಆಕ್ಸಲ್ಲನ್ನು ಅಮೆರಿಕದಲ್ಲಿ ಸ್ಪಿಂಡಲ್ ಎನ್ನುತ್ತಾರೆ. ಚಕ್ರದ ಹಬ್ ಕೂರುವುದು ಈ ಸ್ಪಿಂಡಲ್ ಮೇಲೆ.

ಲಾರಿಗೂ ಹಳೆಯ ಫೋರ್ಡ್ ಕಾರಿಗೂ ಇರುವ ಮುಖ್ಯ ವ್ಯತ್ಯಾಸ ಎರಡು. ಮೊದಲನೆಯದಾಗಿ, ಲಾರಿಯಲ್ಲಿ ಎರಡು ಕಮಾನು ಕಟ್ಟುಗಳು ಚಾಸಿಯ ಉದ್ದಕ್ಕೆ ಇರುತ್ತವೆ. ಫೋರ್ಡ್ ಕಾರಿನಲ್ಲಿ ಒಂದೇ ಕಮಾನು ಕಟ್ಟು ಕಾರಿನ ಅಡ್ಡಕ್ಕೆ, ಆಕ್ಸಲ್ಲಿಗೆ ಸಮಾನಾಂತರವಾಗಿ ಇರುತ್ತದೆ. ಎರಡನೆಯದಾಗಿ, ಅಡ್ಡ ಕಮಾನು ಆಕ್ಸಲ್ಲನ್ನು ಹಿಂದೆ ಮುಂದೆ ಸರಿಯದಂತೆ ಹಿಡಿಯಲಾರದು. ಆದ್ದರಿಂದ ಆಕ್ಸಲ್ಲಿನ ಎರಡು ಕಡೆಗಳಿಂದ ಹೊರಟು ಹಿಂದೆ ಒಂದೇ ಗುಂಡಿನಾಕಾರದ ಕೀಲಿನಲ್ಲಿ ಸೇರುವ ಎರಡು ತೋಳುಗಳ ಒಂದು ಕವೆಯನ್ನು ಅಳವಡಿಸಲಾಗಿದೆ. ಇದಕ್ಕೆ ವಿಷ್‌ಬೋನ್ ಎಂದು ಹೆಸರು.

ಗುರುತಿಸುವ ಹಂತಗಳು

1. ಕಮಾನಿನ ಸ್ಥಾನ

ಅಳತೆಗೆ ತೊಡಗುವ ಮುನ್ನ ನಾಲ್ಕು ಹೆಜ್ಜೆ ಹಿಂದೆ ನಿಂತು ಇಡೀ ಜೋಡಣೆಯನ್ನು ನೋಡಬೇಕು. ಮಾಡೆಲ್ ಟಿ ಕಾಲದಿಂದ 1934ರವರೆಗಿನ ಫೋರ್ಡ್ ಕಾರುಗಳಲ್ಲಿ ಕಮಾನು ಆಕ್ಸಲ್ಲಿನ ನೇರ ಮೇಲ್ಭಾಗದಲ್ಲಿದೆ. ಆಕ್ಸಲ್ಲಿನ ರಂಧ್ರಗಳ ಮೂಲಕ ನೆಟ್ಟಗೆ ನಿಂತ ಪರ್ಚ್ ಬೋಲ್ಟುಗಳು ಅದನ್ನು ಹೊರುತ್ತವೆ. 1935ರಿಂದ ಕಮಾನನ್ನು ಆಕ್ಸಲ್ಲಿನ ಮುಂದಕ್ಕೆ ಸರಿಸಲಾಯಿತು. ಅದರ ಆಸರೆಯೂ ಮುಂದಕ್ಕೆ ಚಾಚಿಕೊಂಡಿತು. ಅದೇ ವರ್ಷ ಸ್ಟೀರಿಂಗ್ ಸಂಪರ್ಕದ ದಿಕ್ಕೂ ಬದಲಾಯಿತು. ಅದಕ್ಕೆ ಮುನ್ನ ಕಾರಿನ ಉದ್ದಕ್ಕೆ ಚಲಿಸುತ್ತಿದ್ದ ಸರಳು 1935ರ ನಂತರ ಅಡ್ಡಕ್ಕೆ ಚಲಿಸಲಾರಂಭಿಸಿತು. ಹೀಗಾಗಿ ವಿಷ್‌ಬೋನ್ ಮತ್ತು ಪರ್ಚ್‌ಗಳನ್ನು ನೋಡಿದ ಮಾತ್ರಕ್ಕೆ ಅವು 1935ರ ಹಿಂದಿನವೋ ಈಚಿನವೋ ಎಂದು ಹೇಳಲು ಸಾಧ್ಯ.

2. ತೊಲೆಯ ಅಡ್ಡಕೊಯ್ತ

ಎರಡನೆಯ ಹಂತದಲ್ಲಿ ಆಕ್ಸಲ್ ಐ-ತೊಲೆಯೋ ಕೊಳವೆಯೋ ಎಂಬುದನ್ನು ನೋಡಬೇಕು. ಫೋರ್ಡ್ ಕಾರುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಫೋರ್ಜಿಂಗ್ ಮೂಲಕ ತಯಾರಾದ ಐ-ತೊಲೆ. ಆದರೆ 60 ಅಶ್ವಶಕ್ತಿಯ ಚಿಕ್ಕ ವಿ-8 ಎಂಜಿನ್ನನ್ನು ಹೊಂದಿದ್ದ 1937ರಿಂದ 1940ರವರೆಗಿನ ಕಾರುಗಳಿಗೆ ಕೊಳವೆಯಾಕಾರದ ಆಕ್ಸಲ್ಲನ್ನು ಅಳವಡಿಸಲಾಗಿತ್ತು. ಹಗುರವಾಗಿದ್ದು ನೋಟಕ್ಕೂ ಅಂದವಾಗಿದ್ದುದರಿಂದ ಹಾಟ್ ರಾಡ್ ಕಟ್ಟುವವರು ಇದನ್ನು ಹುಡುಕಿ ಕೊಳ್ಳುತ್ತಿದ್ದರು. ಬೇಡಿಕೆ ಇರುವಲ್ಲಿ ಪ್ರತಿಕೃತಿಗಳೂ ಹುಟ್ಟುವುದು ಸಹಜ. ಬಿಡಿಭಾಗ ತಯಾರಕರು ಮಾಡಿದ ಕೊಳವೆ ಆಕ್ಸಲ್‌ಗಳು ಹಲವು ಇವೆ. ಆದ್ದರಿಂದ ‘ಕೊಳವೆ ಇದೆ, ಹಾಗಾದರೆ ಇದು ಫೋರ್ಡ್’ ಎಂದು ತೀರ್ಮಾನಿಸುವುದು ಸರಿಯಲ್ಲ.

3. ಕಿಂಗ್ ಪಿನ್ ಕೂರುವ ತುದಿಯ ದಪ್ಪ

ಹೆಚ್ಚಿನ ತಪ್ಪುಗಳು ಸಂಭವಿಸುವುದು ಈ ಹಂತದಲ್ಲಿ. 1928ರಿಂದ 1948ರವರೆಗಿನ ಫೋರ್ಡ್ ಕಾರುಗಳ ಕಿಂಗ್ ಪಿನ್ ವ್ಯಾಸ 13/16 ಅಂಗುಲ, ಅಂದರೆ ಸುಮಾರು 20.6 ಮಿ.ಮೀ. ಪಿನ್ನು ಸರಾಗವಾಗಿ ಒಳಹೊಕ್ಕಿತೆಂದರೆ ಭಾಗಗಳು ಹೊಂದಿಕೊಂಡವು ಎಂದು ಹಲವರು ಭಾವಿಸುತ್ತಾರೆ. ಆದರೆ ನೋಡಬೇಕಾದದ್ದು ಪಿನ್ನಿನ ವ್ಯಾಸವನ್ನಷ್ಟೇ ಅಲ್ಲ. ಪಿನ್ನು ತೂರುವ ಆಕ್ಸಲ್ ತುದಿಯ ಎತ್ತರವನ್ನೂ ನೋಡಬೇಕು. 1937ರಿಂದ 1941ರವರೆಗಿನ ಸ್ಪಿಂಡಲ್‌ಗಳು 2¼ ಅಂಗುಲ, ಅಂದರೆ 57.15 ಮಿ.ಮೀ. ಎತ್ತರದ ತುದಿಗೆ ಹೊಂದುತ್ತವೆ. 1942ರಿಂದ 1948ರವರೆಗಿನವು 2⅜ ಅಂಗುಲ, ಅಂದರೆ ಸುಮಾರು 60.3 ಮಿ.ಮೀ. ತುದಿಗೆ ಹೊಂದುತ್ತವೆ.

ಈ ವ್ಯತ್ಯಾಸ ಕೇವಲ ⅛ ಅಂಗುಲ. ಬರಿಗಣ್ಣಿಗೆ ಸುಲಭವಾಗಿ ಕಾಣುವಂಥದಲ್ಲ. ಹಳೆಯ ಸ್ಪಿಂಡಲ್ ದೊಡ್ಡ ತುದಿಗೆ ಹಿಡಿಸುವುದೇ ಇಲ್ಲವಾದ್ದರಿಂದ ಆ ತಪ್ಪು ತಾನೇ ಬಯಲಾಗುತ್ತದೆ. ತೊಂದರೆ ಇರುವುದು ಇದಕ್ಕೆ ವಿರುದ್ಧವಾದ ಜೋಡಣೆಯಲ್ಲಿ. 1942ರ ನಂತರದ ಸ್ಪಿಂಡಲ್ಲನ್ನು ಚಿಕ್ಕ ತುದಿಗೆ ಹಾಕಿದಾಗ ಅದು ಕೂರುತ್ತದೆ, ತಿರುಗುತ್ತದೆ, ಆದರೆ ಮೇಲೆ ಕೆಳಗೆ 3 ಮಿ.ಮೀ.ಗಿಂತ ತುಸು ಹೆಚ್ಚು ಆಡುತ್ತದೆ. ಸಿಕ್ಕಿದ ವಾಷರುಗಳನ್ನು ತುಂಬಿ ಬಣ್ಣ ಬಳಿದರೆ ಈ ದೋಷವು ಹೊರಗೆ ಕಾಣುವುದಿಲ್ಲ. ವರ್ನಿಯರ್ ಕ್ಯಾಲಿಪರ್ ಹಿಡಿದು ಅರ್ಧ ನಿಮಿಷದಲ್ಲಿ ಮುಗಿಯುವ ಈ ಅಳತೆಯನ್ನು ಕೊಳ್ಳುವವರು ಎಂದಿಗೂ ಬಿಡಬಾರದು.

4. ಸ್ಪಿಂಡಲ್‌ನ ಲಕ್ಷಣಗಳು

ಸ್ಟೀರಿಂಗ್ ತೋಳು ಸ್ಪಿಂಡಲ್ಲಿಗೆ ಬೋಲ್ಟ್ ಮೂಲಕ ಸೇರಿದೆಯೋ, ಅಥವಾ ಎರಡೂ ಒಂದೇ ಉಕ್ಕಿನಲ್ಲಿ ಫೋರ್ಜ್ ಆಗಿವೆಯೋ ಎಂಬುದನ್ನು ಗಮನಿಸಬೇಕು. 1936ರವರೆಗಿನವುಗಳಲ್ಲಿ ತೋಳು ಪ್ರತ್ಯೇಕ. 1937ರಿಂದ 1948ರವರೆಗಿನವುಗಳಲ್ಲಿ ಅದು ಸ್ಪಿಂಡಲ್‌ನ ಅಂಗವೇ ಆಗಿದೆ. ಬ್ರೇಕ್ ತಟ್ಟೆ ಕೂರುವ ಹಿಂಬದಿಯ ಆಕಾರವೂ ಉಪಯುಕ್ತ. 1937ರಿಂದ 1941ರವರೆಗಿನವು ದುಂಡು ಹಿಂಬದಿಯವು. 1942ರಿಂದ 1948ರವರೆಗಿನವು ಚೌಕ ಹಿಂಬದಿಯವು.

ಬ್ರೇಕ್ ವ್ಯವಸ್ಥೆ ಮತ್ತೊಂದು ಸಾಕ್ಷ್ಯ. ಫೋರ್ಡ್ ಕಾರುಗಳಿಗೆ ಹೈಡ್ರಾಲಿಕ್ ಬ್ರೇಕ್ ಬಂದದ್ದು 1939ರ ಮಾದರಿಯಿಂದ. ಅದಕ್ಕೆ ಮುನ್ನ ಇದ್ದದ್ದು ಯಾಂತ್ರಿಕ ಬ್ರೇಕ್. ಆದರೆ ಈ ಸಾಕ್ಷ್ಯವನ್ನು ಎಚ್ಚರಿಕೆಯಿಂದ ಬಳಸಬೇಕು. ಹಾಟ್ ರಾಡ್ ಕಟ್ಟುವವರು ಮೊದಲು ಬದಲಾಯಿಸುತ್ತಿದ್ದ ಭಾಗಗಳಲ್ಲಿ ಬ್ರೇಕೂ ಒಂದು. 1939ರಿಂದ 1948ರವರೆಗಿನ ಲಿಂಕನ್ ಕಾರಿನ ಬ್ರೇಕ್, 1948ರಿಂದ 1952ರವರೆಗಿನ ಫೋರ್ಡ್ ಎಫ್-1 ಪಿಕಪ್ ವಾಹನದ ಬ್ರೇಕ್ ಇವುಗಳನ್ನು ಹಳೆಯ ಸ್ಪಿಂಡಲ್‌ಗಳಿಗೆ ಜೋಡಿಸುವುದು ರೂಢಿಯಲ್ಲಿತ್ತು.

5. ಚಕ್ರದ ಬೋಲ್ಟುಗಳ ವೃತ್ತ

ಮಾಡೆಲ್ ಎ ಕಾರಿನಿಂದ 1935ರವರೆಗೆ ಐದು ಬೋಲ್ಟುಗಳು 5½ ಅಂಗುಲ ವ್ಯಾಸದ ವೃತ್ತದಲ್ಲಿದ್ದವು. 1936ರಿಂದ 1939ರವರೆಗೆ ಅವು 10¼ ಅಂಗುಲದ ಅಗಲ ವೃತ್ತಕ್ಕೆ ಸರಿದವು. 1940ರಿಂದ 1948ರವರೆಗೆ ಮತ್ತೆ 5½ ಅಂಗುಲವೇ ಬಳಕೆಗೆ ಬಂದಿತು. 1949ರ ಕಾರುಗಳಲ್ಲಿ ಇದು 4½ ಅಂಗುಲಕ್ಕೆ ಇಳಿಯಿತು. ಹಬ್ ಮತ್ತು ಡ್ರಮ್ಮಿನ ಕಾಲವನ್ನು ತಿಳಿಸುವ ಅತ್ಯಂತ ಸುಲಭದ ಅಳತೆ ಇದು. ಆದರೆ ಇದು ಹಬ್ಬಿನ ಕಾಲವನ್ನಷ್ಟೇ ಹೇಳುತ್ತದೆ, ಆಕ್ಸಲ್ಲಿನದನ್ನಲ್ಲ.

6. ಭಾಗದ ಸಂಖ್ಯೆ

ಫೋರ್ಡ್ ಸಂಖ್ಯಾಕ್ರಮದಲ್ಲಿ ಮುಂದಿನ ಆಕ್ಸಲ್ಲಿನ ಮೂಲಸಂಖ್ಯೆ 3010. ಸ್ಪಿಂಡಲ್‌ಗಳದು 3105 ಮತ್ತು 3106. ಮುಂದಿನ ಕಮಾನಿನದು 5310. ಇವುಗಳ ಹಿಂದೆ ಬರುವ ಗುರುತು ಮಾದರಿಯನ್ನು ಸೂಚಿಸುತ್ತದೆ. ‘ಎ’ ಎಂದರೆ ಮಾಡೆಲ್ ಎ. ‘18’ ಎಂದರೆ 1932ರ ವಿ-8. ‘40’ ಎಂದರೆ 1933-34. ‘48’ ಎಂದರೆ 1935. ‘68’ ಎಂದರೆ 1936. ‘78’ ಎಂದರೆ 1937. ‘91ಎ’ ಎಂದರೆ 1939. ‘21ಎ’ ಎಂದರೆ 1942.

ಆದರೆ ಒಂದು ಅಂಶವನ್ನು ಮರೆಯಲಾಗದು. ಈ ಗುರುತು ಆ ಭಾಗದ ವಿನ್ಯಾಸ ಮೊದಲು ಬಳಕೆಗೆ ಬಂದ ಮಾದರಿಯನ್ನು ಹೇಳುತ್ತದೆಯೇ ಹೊರತು, ಆ ತುಂಡು ತಯಾರಾದ ವರ್ಷವನ್ನಲ್ಲ. ಬದಲಾಗದ ಭಾಗವು ಹಳೆಯ ಸಂಖ್ಯೆಯಲ್ಲೇ ಹಲವು ವರ್ಷ ಮುಂದುವರಿಯುತ್ತಿತ್ತು. ಆದ್ದರಿಂದ ಸಂಖ್ಯೆಯು ‘ಇದಕ್ಕಿಂತ ಹಳೆಯದಲ್ಲ’ ಎಂಬ ಮಿತಿಯನ್ನು ಮಾತ್ರ ನೀಡುತ್ತದೆ.

ಫೋರ್ಜಿಂಗೋ, ಎರಕವೋ?

ಫೋರ್ಡ್ ಐ-ತೊಲೆಗಳು ಫೋರ್ಜ್ ಮಾಡಿದ ಉಕ್ಕಿನವು. ಮುಂದೆ ಬಿಡಿಭಾಗ ತಯಾರಕರು ಮಾರಿದ ಆಕ್ಸಲ್‌ಗಳಲ್ಲಿ ಕೆಲವು ಡಕ್ಟೈಲ್ ಕಬ್ಬಿಣದ ಎರಕದವು. ಒಳ್ಳೆಯ ಎರಕವು ತನ್ನ ಕೆಲಸಕ್ಕೆ ಸಾಕಷ್ಟು ಬಲವಾಗಿರುತ್ತದೆ. ಅದನ್ನು ಕೀಳೆಂದು ಭಾವಿಸಬೇಕಿಲ್ಲ. ಆದರೆ ಫೋರ್ಜ್ ಮಾಡಿದ ತೊಲೆಯನ್ನು ಕಾಯಿಸಿ ಬಾಗಿಸುವಂತೆ ಎರಕವನ್ನು ಬಾಗಿಸಲಾಗದು. ಅದಕ್ಕೆ ಬೆಸುಗೆ ಹಾಕುವುದೂ ಅಪಾಯಕರ.

ಎರಡರ ನಡುವಿನ ವ್ಯತ್ಯಾಸವನ್ನು ಅಚ್ಚಿನ ಸೇರುವೆಯ ಗೆರೆಯಲ್ಲಿ ಕಾಣಬಹುದು. ಫೋರ್ಜಿಂಗ್‌ನಲ್ಲಿ ಎರಡು ಡೈಗಳ ನಡುವಿನಿಂದ ಹೊರಚಿಮ್ಮಿದ ಲೋಹವನ್ನು ಕತ್ತರಿಸಿದ ಗುರುತು ಅಗಲವಾದ ಪಟ್ಟಿಯಂತಿರುತ್ತದೆ. ಎರಕದಲ್ಲಿ ಅದು ಸಪೂರವಾದ ಗೆರೆಯಾಗಿದ್ದು, ಮೇಲ್ಮೈಯಲ್ಲಿ ಮರಳಿನ ತರಿ ಉಳಿದಿರುತ್ತದೆ. ಬಣ್ಣದ ದಪ್ಪ ಪದರ ಇವೆರಡನ್ನೂ ಮುಚ್ಚಬಲ್ಲದು. ಆಗ ಒಂದು ಅಂಗುಲದಷ್ಟು ಜಾಗದಲ್ಲಿ ಬಣ್ಣ ಕೆರೆದು ನೋಡುವುದು ಅವಶ್ಯಕ.

ತಗ್ಗಿಸಿದ ಆಕ್ಸಲ್

ಕಾರಿನ ಮೂತಿಯನ್ನು ನೆಲಕ್ಕೆ ಹತ್ತಿರ ತರಲು ಆಕ್ಸಲ್ಲಿನ ತುದಿಗಳ ಬಳಿ ಕಾಯಿಸಿ, ಕಿಂಗ್ ಪಿನ್ ಭಾಗವು ಮೇಲಕ್ಕೂ ನಡುಭಾಗವು ಕೆಳಕ್ಕೂ ಬರುವಂತೆ ಬಾಗಿಸುತ್ತಿದ್ದರು. ಸ್ಯಾನ್ ಡಿಯಾಗೋದ ಎಡ್ ಸ್ಟುವರ್ಟ್ ಈ ಕೆಲಸದಿಂದಲೇ ಹೆಸರಾಗಿ ‘ಆಕ್ಸಲ್’ ಎಂಬ ಅಡ್ಡಹೆಸರು ಪಡೆದರು. ಇಂತಹ ತೊಲೆಗಳಲ್ಲಿ ಬಾಗಿದ ಜಾಗದ ಅಡ್ಡಕೊಯ್ತ ತುಸು ತೆಳುವಾಗಿರುತ್ತದೆ. ಸುತ್ತಿಗೆಯ ಪೆಟ್ಟಿನ ಅಥವಾ ಅರೆದು ನಯಗೊಳಿಸಿದ ಗುರುತುಗಳು ಉಳಿದಿರುತ್ತವೆ. ಎಡ ಬಲಗಳೆರಡರಲ್ಲೂ ತಗ್ಗು ಸಮವಾಗಿದೆಯೇ, ಬಾಗಿದ ಸ್ಥಳ ಅತಿಯಾಗಿ ತೆಳುವಾಗಿದೆಯೇ ಎಂದು ಅಳೆಯಬೇಕು. ತಗ್ಗಿಸಿದ ನಂತರ ಟೈ ರಾಡ್ ವಿಷ್‌ಬೋನಿಗೆ ತಗಲುವುದರಿಂದ ಸ್ಟೀರಿಂಗ್ ತೋಳುಗಳನ್ನೂ ಕಾಯಿಸಿ ಬಾಗಿಸುವುದುಂಟು. ಅಲ್ಲಿಯೂ ಅದೇ ಪರೀಕ್ಷೆ ಅನ್ವಯಿಸುತ್ತದೆ.

ಕವೆಯನ್ನು ಸೀಳಿದಾಗ

ಎಂಜಿನ್ನಿಗೆ, ಗೇರ್‌ಬಾಕ್ಸಿಗೆ ಜಾಗ ಮಾಡಲು ವಿಷ್‌ಬೋನನ್ನು ಎರಡಾಗಿ ಸೀಳಿ, ಒಂದೊಂದು ತೋಳನ್ನು ಚಾಸಿಯ ಒಂದೊಂದು ಬದಿಗೆ ಜೋಡಿಸುವ ಪದ್ಧತಿ ವ್ಯಾಪಕವಾಗಿತ್ತು. ಇದರ ಪರಿಣಾಮವನ್ನು ಅರಿಯುವುದು ಮುಖ್ಯ. ಮೂಲ ವಿನ್ಯಾಸದಲ್ಲಿ ಒಂದೇ ಕೀಲು ಇದ್ದುದರಿಂದ ಒಂದು ಚಕ್ರ ಮೇಲೆದ್ದಾಗ ಇಡೀ ಜೋಡಣೆ ಒಟ್ಟಾಗಿ ವಾಲುತ್ತಿತ್ತು. ಸೀಳಿದ ಮೇಲೆ ಎರಡು ತೋಳುಗಳು ಬೇರೆ ಬೇರೆ ಕೋನಗಳಲ್ಲಿ ತಿರುಗಬಯಸುತ್ತವೆ. ನಡುವಿನ ಆಕ್ಸಲ್ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳಬೇಕಾಗುತ್ತದೆ. ಐ-ತೊಲೆ ತಿರುಚುವಿಕೆಗೆ ಮಣಿದು ಮತ್ತೆ ಮೊದಲಿನಂತಾಗುತ್ತದೆ. ಮುಚ್ಚಿದ ಕೊಳವೆಯಾದರೋ ತಿರುಚುವಿಕೆಯನ್ನು ಹಲವು ಪಟ್ಟು ಬಲವಾಗಿ ವಿರೋಧಿಸುತ್ತದೆ. ಆಗ ಆ ಒತ್ತಡವೆಲ್ಲ ಬ್ರಾಕೆಟ್ಟು, ಬೆಸುಗೆ ಮತ್ತು ಬೋಲ್ಟುಗಳ ಮೇಲೆ ಬಿದ್ದು ಅವು ಬಿರುಕು ಬಿಡುತ್ತವೆ. ಆದ್ದರಿಂದ ಕೊಳವೆ ಆಕ್ಸಲ್ ಮತ್ತು ಸೀಳಿದ ವಿಷ್‌ಬೋನ್ ಒಟ್ಟಿಗಿರುವ ಜೋಡಣೆಯನ್ನು ಕಂಡಲ್ಲಿ, ಅದು ಎಷ್ಟೇ ಹೊಳೆಯುತ್ತಿರಲಿ, ಅನುಮಾನದಿಂದಲೇ ನೋಡಬೇಕು.

ಒಂದು ಉದಾಹರಣೆ

‘1932ರ ಫೋರ್ಡ್ ಕಾರಿನ ಸಂಪೂರ್ಣ ಮುಂಭಾಗ’ ಎಂಬ ಹೆಸರಿನಲ್ಲಿ ಒಂದು ಜೋಡಣೆ ಮಾರಾಟಕ್ಕೆ ಬಂದಿದೆ ಎಂದು ಭಾವಿಸೋಣ. ಪರೀಕ್ಷಿಸಿದಾಗ ಆಕ್ಸಲ್ ಕೊಳವೆಯಾಕಾರದ್ದು. ಹಾಗಾದರೆ ಅದು 1932ರದಲ್ಲ. ಅದರ ತುದಿಯ ಎತ್ತರ 2¼ ಅಂಗುಲ. ಸ್ಪಿಂಡಲ್‌ಗಳಲ್ಲಿ ಸ್ಟೀರಿಂಗ್ ತೋಳು ಒಂದೇ ಉಕ್ಕಿನದು, ಹಿಂಬದಿ ಚೌಕ. ಹಾಗಾದರೆ ಅವು 1942ರ ನಂತರದವು, 2⅜ ಅಂಗುಲದ ತುದಿಗೆ ಸೇರಬೇಕಾದವು. ನಡುವೆ ವಾಷರುಗಳಿವೆ. ಬೋಲ್ಟುಗಳ ವೃತ್ತ 5½ ಅಂಗುಲ. ಹಬ್ಬುಗಳು 1940ರ ಈಚಿನವಾಗಿರಬಹುದು. ಕಮಾನು ಆಕ್ಸಲ್ಲಿನ ಮೇಲಿದೆ, ವಿಷ್‌ಬೋನನ್ನು ಸೀಳಲಾಗಿದೆ; 1932ರ ಕಾರಿನದಾಗಿರಬಹುದಾದ ಭಾಗ ಇದೊಂದೇ.

ಇಲ್ಲಿ ಮಾರುವವನು ಸುಳ್ಳು ಹೇಳುತ್ತಿದ್ದಾನೆ ಎಂದೇನೂ ಇಲ್ಲ. 1932ರ ಕಾರಿನಿಂದ ಕಳಚಿದ್ದೆಂದು ಅವನಿಗೂ ಯಾರೋ ಹೇಳಿರಬಹುದು. ಅದು ನಿಜವೂ ಆಗಿರಬಹುದು. ಕಾರು 1932ರದೇ, ಭಾಗಗಳು ಮಾತ್ರ ಹಲವು ವರ್ಷಗಳವು. ಹಾಟ್ ರಾಡ್ ಎಂದರೆ ಅದೇ ತಾನೆ? ಬಿಡಿಬಿಡಿಯಾಗಿ ನೋಡಿದರೆ ಪ್ರತಿಯೊಂದು ಭಾಗಕ್ಕೂ ಬೆಲೆ ಇದೆ. ಒಟ್ಟಾಗಿ, ಈಗಿರುವ ಸ್ಥಿತಿಯಲ್ಲಿ, ಅದು ರಸ್ತೆಗೆ ಯೋಗ್ಯವಲ್ಲ.

ಬಿರುಕಿನ ಪರೀಕ್ಷೆ

ಭಾಗ ಯಾವುದೆಂದು ತಿಳಿದ ಮೇಲೂ ಅದು ಬಳಕೆಗೆ ಯೋಗ್ಯವೇ ಎಂಬ ಪ್ರಶ್ನೆ ಉಳಿಯುತ್ತದೆ. ಸ್ಪಿಂಡಲ್‌ನ ಬುಡ, ಆಕ್ಸಲ್ಲಿನ ಬಾಗು, ಪರ್ಚ್ ರಂಧ್ರದ ಅಂಚು ಇವು ಬಿರುಕು ಬಿಡಬಹುದಾದ ಸ್ಥಳಗಳು. ಅಂದಕ್ಕಾಗಿ ತೊಲೆಯ ನಡುಪಟ್ಟಿಯಲ್ಲಿ ಕೊರೆದ ರಂಧ್ರಗಳ ಅಂಚುಗಳನ್ನೂ ನೋಡಬೇಕು. ಕಾಂತೀಯ ಕಣ ಪರೀಕ್ಷೆಯಿಂದ ಕಣ್ಣಿಗೆ ಕಾಣದ ಬಿರುಕುಗಳೂ ಬಯಲಾಗುತ್ತವೆ. ಕ್ರೋಮ್ ಲೇಪಿತ ಭಾಗಗಳ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಲೇಪನವು ಹಳೆಯ ಬಿರುಕನ್ನು ಮುಚ್ಚುವುದಲ್ಲದೆ, ಲೇಪನದ ಸಮಯದಲ್ಲಿ ಉಕ್ಕಿನೊಳಗೆ ಸೇರುವ ಜಲಜನಕವನ್ನು ಸರಿಯಾಗಿ ಕಾಯಿಸಿ ಹೊರಹಾಕದಿದ್ದಲ್ಲಿ ಗಟ್ಟಿಗೊಳಿಸಿದ ಉಕ್ಕು ಪೆಡಸಾಗುವ ಸಂಭವವೂ ಇದೆ.

ವ್ಯಾಪಾರಿಗಳು ಮತ್ತು ತಯಾರಕರು ಗಮನಿಸಬೇಕಾದದ್ದು

ಭಾರತದಲ್ಲಿ ಹಾಟ್ ರಾಡ್ ಕಟ್ಟಿ ರಸ್ತೆಗಿಳಿಸಲು ಅವಕಾಶವಿಲ್ಲವೆಂದೇ ಹೇಳಬೇಕು. ತಯಾರಕರ ಮೂಲ ನಿರ್ದೇಶನಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಸ್ಪಷ್ಟಪಡಿಸಿತು. 2021ರ ಜುಲೈನಲ್ಲಿ ಪ್ರಕಟವಾದ ವಿಂಟೇಜ್ ವಾಹನ ನಿಯಮಗಳೂ 50 ವರ್ಷ ಮೀರಿದ, ಮೂಲರೂಪದಲ್ಲೇ ಉಳಿದ ವಾಹನಗಳಿಗೆ ಮಾತ್ರ ಅನ್ವಯಿಸುತ್ತವೆ. ಹೀಗಿರುವಲ್ಲಿ ಹಳೆಯ ಕಾರನ್ನು ಮೂಲರೂಪಕ್ಕೆ ತರುವವರಿಗೆ ಭಾಗದ ನಿಖರ ಗುರುತು ಇನ್ನೂ ಮುಖ್ಯವಾಗುತ್ತದೆ.

ವ್ಯಾಪಾರಿಗಳು ಬಿಲ್ಲಿನಲ್ಲಿ ‘1932ರ ಆಕ್ಸಲ್’ ಎಂದು ಒಂದೇ ಸಾಲು ಬರೆಯುವ ಬದಲು ಅಡ್ಡಕೊಯ್ತದ ವಿಧ, ತುದಿಯ ಎತ್ತರ, ಪಿನ್ನಿನ ವ್ಯಾಸ, ಬೋಲ್ಟುಗಳ ವೃತ್ತ, ಕಾಣುವ ಸಂಖ್ಯೆ, ಮಾಡಲಾದ ಮಾರ್ಪಾಡು ಇವುಗಳನ್ನು ನಮೂದಿಸುವುದು ಲೇಸು. ತಿಳಿಯದಿದ್ದನ್ನು ‘ತಿಳಿದಿಲ್ಲ’ ಎಂದೇ ಬರೆಯುವುದರಿಂದ ವ್ಯಾಪಾರ ಕುಗ್ಗುವುದಿಲ್ಲ. ಸರಕು ವಾಪಸು ಬರುವುದು ತಪ್ಪುತ್ತದೆ.

ಬೆಳಗಾವಿಯಂತಹ ಎರಕದ ಕೇಂದ್ರಗಳ ತಯಾರಕರಿಗೂ ಇದರಲ್ಲಿ ಒಂದು ಪಾಠವಿದೆ. ತೊಂಬತ್ತು ವರ್ಷಗಳ ಹಿಂದಿನ ಫೋರ್ಡ್ ಭಾಗವನ್ನು ಇಂದಿಗೂ ಗುರುತಿಸಲು ಸಾಧ್ಯವಾಗಿರುವುದು, ಅದರ ಅಳತೆಗಳು ನಿಖರವಾಗಿದ್ದುದರಿಂದ ಮತ್ತು ಸಂಖ್ಯೆಗಳು ಒಂದು ಕ್ರಮದಲ್ಲಿದ್ದುದರಿಂದ. ಹೆಸರಿಲ್ಲದೆ, ಗುರುತಿಲ್ಲದೆ ತಯಾರಾದ ಎಷ್ಟೋ ಒಳ್ಳೆಯ ಆಕ್ಸಲ್‌ಗಳು ಇಂದು ಗುಜರಿಯ ತೂಕಕ್ಕೆ ಹೋಗುತ್ತವೆ. ತಯಾರಾಗುವ ಪ್ರತಿಯೊಂದು ಭಾಗದ ಮೇಲೂ ತಯಾರಕರ ಗುರುತು, ಭಾಗದ ಸಂಖ್ಯೆ ಮತ್ತು ಹೀಟ್ ಸಂಖ್ಯೆಯನ್ನು ಅಚ್ಚೊತ್ತುವುದಕ್ಕೆ ತಗಲುವ ವೆಚ್ಚ ಅಲ್ಪ. ಆ ಗುರುತು ಮಾತ್ರ, ತಯಾರಿಸಿದವರ ಕಾಲಾನಂತರವೂ, ಅವರ ಪರವಾಗಿ ಮಾತನಾಡುತ್ತದೆ.